ಸೋತವರೂ ಒಪ್ಪುವಂಥ ದಾಳ ಮಾಡಿ

ಕೈ ಮುಟ್ಟದೆ ದಾಳ ಹಾಕುವ ಯಂತ್ರವನ್ನು ಪ್ರಾಜೆಕ್ಟ್‌ಗೆ ಆರಿಸಿಕೊಂಡಿದ್ದೇವೆ ಎಂದು ಹೇಳುವಾಗ ನಿಮ್ಮ ದನಿಯಲ್ಲಿ ಒಂದಿಷ್ಟು ಸಂಕೋಚ ಕಾಣುತ್ತದೆ. ಪಕ್ಕದ ತಂಡದವರು ಡ್ರೋನ್ ಮಾಡುತ್ತಿದ್ದಾರೆ, ನಾವು ಆಟದ ಸಾಮಾನು ಮಾಡುತ್ತಿದ್ದೇವೆ ಎಂಬ ಭಾವ. ಅದನ್ನು ಮೊದಲು ಬಿಡಿ, ಹುಡುಗರೇ. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು ನಾನು. ಸೆನ್ಸರ್, ಮೋಟಾರು, ಪ್ರೋಗ್ರಾಮು, ಪೆಟ್ಟಿಗೆ ಕಟ್ಟುವ ಕೈಗೆಲಸ, ಸಂಭವನೀಯತೆಯ ಲೆಕ್ಕ, ಇವೆಲ್ಲದರ ಜೊತೆಗೆ ಮನುಷ್ಯರ ಸ್ವಭಾವ ಇಷ್ಟನ್ನೂ ಒಟ್ಟಿಗೆ ಕಲಿಸುವ ಕೆಲಸ ಇದಕ್ಕಿಂತ ಅಗ್ಗದಲ್ಲಿ ಸಿಗುವುದಿಲ್ಲ. ಆದರೆ ಒಂದು ಷರತ್ತು. ಕೈ ತೋರಿಸಿದರೆ ದಾಳ ಉರುಳಿತು ಎಂದ ಮಾತ್ರಕ್ಕೆ ಯಂತ್ರ ಮುಗಿಯಲಿಲ್ಲ. ಅದು ಹಾಕಿದ ಗರವನ್ನು ಆಟದಲ್ಲಿ ಸೋತವರೂ ತಕರಾರಿಲ್ಲದೆ ಒಪ್ಪಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ದಾಳದಿಂದ ಕೈಯನ್ನು ದೂರ ಇಡುವ ಯೋಚನೆ ಕೊರೋನಾ ಕಾಲದ್ದಲ್ಲ. ಕ್ರಿ.ಶ. 4ನೆಯ ಶತಮಾನದ ರೋಮನ್ನರ ಒಂದು ದಾಳಗೋಪುರ 1985ರಲ್ಲಿ ಜರ್ಮನಿಯ ಫ್ರೊಯ್ಟ್ಸ್‌ಹೈಮ್ ಬಳಿ ಸಿಕ್ಕಿತು, ಈಗ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ತಾಮ್ರದ ಮಿಶ್ರಲೋಹದ ತಗಡಿನಲ್ಲಿ ಮಾಡಿದ ಪುಟ್ಟ ಗೋಪುರ ಅದು. ಮೇಲಿನಿಂದ ಬಿಟ್ಟ ದಾಳ ಒಳಗಿನ ಓರೆ ತಗಡುಗಳಿಗೆ ಬಡಿದು ಉರುಳಿ, ಕೆಳಗಿನ ಮೆಟ್ಟಿಲುಗಳ ಮೇಲೆ ಹೊರಬರುತ್ತಿತ್ತು. ಅವರ ಭಯ ಕೈಚಳಕದ್ದು, ಕ್ರಿಮಿಯದ್ದಲ್ಲ. ಶಕುನಿಯ ದಾಳ ಎಂಬ ಮಾತನ್ನು ಆಡಿಕೊಂಡೇ ಬೆಳೆದ ನಮಗೆ ಆ ಭಯವನ್ನು ಯಾರೂ ವಿವರಿಸಬೇಕಿಲ್ಲ. ಮುಂದೆ 1965ರಲ್ಲಿ ಅಮೆರಿಕದ ಕೊಹ್ನರ್ ಬ್ರದರ್ಸ್ ಕಂಪನಿಯ ‘ಟ್ರಬಲ್’ ಎಂಬ ಆಟ ಬಂತು. ಹಲಗೆಯ ನಡುವೆ ಪಾರದರ್ಶಕ ಗುಮ್ಮಟ, ಅದರೊಳಗೆ ದಾಳ. ಗುಮ್ಮಟವನ್ನು ಒತ್ತಿ ಬಿಟ್ಟರೆ ಅಡಿಯ ಸ್ಪ್ರಿಂಗ್ ತಗಡು ಚಟ್ಟೆಂದು ದಾಳವನ್ನು ಹಾರಿಸುತ್ತದೆ. ದಾಳ ಕಳೆದುಹೋಗುವುದಿಲ್ಲ, ಮಗು ಬಾಯಿಗೆ ಹಾಕಿಕೊಳ್ಳುವುದಿಲ್ಲ, ಎಲ್ಲರ ಕಣ್ಣೆದುರಿಗೇ ಬೀಳುತ್ತದೆ. ಈ ಎರಡು ಸಾಧನಗಳಲ್ಲೂ ಬ್ಯಾಟರಿಯಿಲ್ಲ, ಸೆನ್ಸರ್ ಇಲ್ಲ. ನಿಮ್ಮ ಯಂತ್ರ ಇವುಗಳಿಗಿಂತ ಏನನ್ನು ಹೆಚ್ಚಾಗಿ ಕೊಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆದುಕೊಂಡ ಮೇಲೆಯೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗ ತರಲು ಹೋಗಿ.

ಉತ್ತರ ಸಿಗುವುದು ಯಾರಿಗಾಗಿ ಮಾಡುತ್ತಿದ್ದೀರಿ ಎಂಬುದರಲ್ಲಿ. ಬೆರಳ ಗಿಣ್ಣುಗಳು ಊದಿಕೊಂಡ ಅಜ್ಜಿಗೆ ದಾಳ ಎತ್ತಿಕೊಳ್ಳುವುದೇ ಕಷ್ಟ, ಕೈ ಬೀಸುವುದು ಸುಲಭ. ಕೈ ನಡುಗುವ ಪಾರ್ಕಿನ್ಸನ್ ರೋಗಿ ಸೆನ್ಸರಿನ ಮುಂದೆ ಕೈ ಹಿಡಿದರೆ ಒಂದು ಗರದ ಬದಲು ನಾಲ್ಕು ಗರ ಬೀಳುವ ಅಪಾಯವಿದೆ. ತೋಳೇ ಎತ್ತಲಾಗದ ಮಗುವಿಗೆ ಕೈ ಗುರುತಿಸುವ ಸೆನ್ಸರ್ ಇದ್ದೂ ಇಲ್ಲದಂತೆ; ಅಂಥ ಮಗು ತಲೆ ಅಲ್ಲಾಡಿಸಿದರೆ, ಪಾದ ಆಡಿಸಿದರೆ, ಉಫ್ ಎಂದು ಊದಿದರೆ ದಾಳ ಉರುಳಬೇಕು. ಅಂಥವರು ಬಳಸುವ ವಿಶೇಷ ಸ್ವಿಚ್ಚುಗಳಿಗೆ ಸಾಮಾನ್ಯವಾಗಿ 3.5 ಮಿಲಿಮೀಟರಿನ ಜ್ಯಾಕ್ ಇರುತ್ತದೆ, ಹಳೆಯ ಇಯರ್‌ಫೋನಿನದೇ ಅಳತೆ. ನಿಮ್ಮ ಪೆಟ್ಟಿಗೆಯ ಬದಿಗೆ ಆ ತೂತು ಕೊರೆದು ಸಾಕೆಟ್ ಒಂದನ್ನು ಕೂರಿಸಿದರೆ ಹತ್ತಾರು ರೂಪಾಯಿ ಖರ್ಚು. ಬಳಸಬಲ್ಲವರ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚುತ್ತದೆ. ಇನ್ನು, ಕಣ್ಣು ಕಾಣದವರು ದಾಳವನ್ನು ಮುಟ್ಟಿಯೇ ಓದುವವರು. ಗುಮ್ಮಟದೊಳಗೆ ಮುಚ್ಚಿಟ್ಟರೆ ಆಟದಿಂದ ಅವರನ್ನು ಹೊರಗೆ ಹಾಕಿದ ಹಾಗೆ. ಬಿದ್ದ ಸಂಖ್ಯೆಯನ್ನು ದನಿಯಲ್ಲಿ ಹೇಳುವ ವ್ಯವಸ್ಥೆ ಮಾಡಿ, ಅದೂ ಕನ್ನಡದಲ್ಲಿ. ಆಸ್ಪತ್ರೆ ವಾರ್ಡಿಗಾಗಿ ಎನ್ನುವುದಾದರೆ, ದಾಳ ಮುಟ್ಟದಿದ್ದರೂ ಕಾಯಿಗಳನ್ನು ಎಲ್ಲರೂ ಮುಟ್ಟುತ್ತಾರೆ ಎಂಬುದನ್ನು ಮರೆಯಬೇಡಿ. ವರದಿಯಲ್ಲಿ ‘ಸೋಂಕು ತಡೆಯುತ್ತದೆ’ ಎಂದು ಬರೆಯುವ ಮೊದಲು ಕಾಯಿ, ಹಲಗೆ, ಗುಮ್ಮಟ ಮೂರನ್ನೂ ಒರೆಸಿ ತೊಳೆಯುವಂತೆ ಮಾಡಿ.

ಈಗ ಸೆನ್ಸರಿಗೆ ಬರೋಣ. ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಇನ್‌ಫ್ರಾರೆಡ್ ಮಾಡ್ಯೂಲು. ಅಗ್ಗ, ಸರಳ, ಮೇಲಿರುವ ಪುಟ್ಟ ಸ್ಕ್ರೂ ತಿರುಗಿಸಿ ದೂರ ಹೊಂದಿಸಬಹುದು. ಆದರೆ ಅದು ನಂಬುವುದು ಮರಳಿ ಬರುವ ಬೆಳಕನ್ನು. ಕಿಟಕಿಯ ಬಿಸಿಲು ಬಿದ್ದರೆ ತಾನಾಗಿ ಕೆಲಸ ಶುರು ಮಾಡುತ್ತದೆ. ಬಿಳಿ ಅಂಗಿಯ ತೋಳು ದೂರದಿಂದಲೇ ಕಂಡರೆ, ಕಪ್ಪು ಅಂಗಿಯ ತೋಳು ಹತ್ತಿರ ಬಂದರೂ ಕಾಣದೆ ಹೋಗಬಹುದು. ಅಲ್ಟ್ರಾಸಾನಿಕ್ ಮಾಡ್ಯೂಲು ಎಚ್‌ಸಿ-ಎಸ್‌ಆರ್ 04 ಬಣ್ಣಕ್ಕೂ ಬೆಳಕಿಗೂ ಸೊಪ್ಪು ಹಾಕುವುದಿಲ್ಲ. 40 ಕಿಲೋಹರ್ಟ್ಸ್‌ನ ಸದ್ದು ಕಳಿಸಿ ಪ್ರತಿಧ್ವನಿ ಬರುವ ಹೊತ್ತನ್ನು ಅಳೆಯುತ್ತದೆ. ಹತ್ತು ಸೆಂಟಿಮೀಟರ್ ದೂರದ ಅಂಗೈಯಿಂದ ಸದ್ದು ಮರಳಲು ಬೇಕಾಗುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕೂ ದೋಷವಿದೆ. ಉಣ್ಣೆಯ ಸ್ವೆಟರ್ ಸದ್ದನ್ನು ನುಂಗುತ್ತದೆ, ಓರೆಯಾಗಿ ಹಿಡಿದ ಅಂಗೈ ಸದ್ದನ್ನು ಬೇರೆಡೆಗೆ ಕಳಿಸುತ್ತದೆ. ಯಾವುದನ್ನೇ ಆರಿಸಿ, ನಿಮ್ಮ ಒಬ್ಬರ ಕೈಯಿಂದ ಪರೀಕ್ಷಿಸಿ ಮುಗಿಸಬೇಡಿ. ಕಪ್ಪು ಕೈ, ಬಿಳಿ ಕೈ, ಬಳೆ ತೊಟ್ಟ ಕೈ, ತುಂಬುತೋಳಿನ ಕೈ, ಮಗುವಿನ ಪುಟ್ಟ ಕೈ, ಮದರಂಗಿ ಹಚ್ಚಿದ ಕೈ ಎಲ್ಲದಕ್ಕೂ ಅದು ಒಂದೇ ಥರ ಓಗೊಡಬೇಕು. ಒಬ್ಬರ ಕೈಗೆ ಮಾತ್ರ ತಡವರಿಸುವ ಯಂತ್ರದ ಮುಂದೆ ಆ ಒಬ್ಬರು ಮತ್ತೆ ಕೂರುವುದಿಲ್ಲ.

ನಿಜವಾದ ತಲೆನೋವು ಆಟ ಶುರುವಾದ ಮೇಲೆ ಕಾಣಿಸಿಕೊಳ್ಳುತ್ತದೆ. ಲೂಡೊ ಹಲಗೆಯ ಸುತ್ತ ನಾಲ್ವರು ಕೂತಿದ್ದಾರೆ ಎನ್ನಿ. ಒಬ್ಬರು ಕಾಯಿ ನಡೆಸಲು ಕೈ ಚಾಚಿದರೆ ಸೆನ್ಸರಿಗೆ ಅದೂ ಕೈಯೇ. ಕೇಳದೆ ದಾಳ ಉರುಳಿತು, ಆರು ಬಿತ್ತು, ಲೆಕ್ಕಕ್ಕೆ ಉಂಟೋ ಇಲ್ಲವೋ ಎಂದು ಜಗಳ ಹತ್ತಿತು. ಇದಕ್ಕೆ ಮದ್ದು ಮೂರು. ಸೆನ್ಸರಿನ ಮುಖ ಹಲಗೆಯ ಕಡೆಗಿರದೆ ಮೇಲಕ್ಕಿರಲಿ, ಅದೂ ಒಂದು ಗಿಡ್ಡ ಕೊಳವೆಯ ತಳದಲ್ಲಿ ಕೂತಿರಲಿ. ನೇರ ಮೇಲೆ ಹಿಡಿದ ಕೈ ಮಾತ್ರ ಕಾಣುತ್ತದೆ. ಎರಡನೆಯದಾಗಿ, ಕೈ ಕನಿಷ್ಠ ಅರ್ಧ ಸೆಕೆಂಡಾದರೂ ನಿಂತರಷ್ಟೇ ಗಣನೆಗೆ ತಗೊಳ್ಳಿ. ಮೂರನೆಯದು, ಒಳಗೆ ಬರುವ ಗಡಿ ಮತ್ತು ಹೊರಗೆ ಹೋಗುವ ಗಡಿ ಬೇರೆಬೇರೆಯಾಗಿರಲಿ. ಕೈ ಎಂಟು ಸೆಂಟಿಮೀಟರಿಗಿಂತ ಹತ್ತಿರ ಬಂದಾಗ ಚಾಲೂ ಆಗಲಿ. ಹನ್ನೆರಡು ದಾಟಿ ದೂರ ಹೋಗುವತನಕ ಮುಂದಿನ ಗರಕ್ಕೆ ಅವಕಾಶ ಬೇಡ. ಒಂದೇ ಗಡಿ ಇಟ್ಟರೆ ಅದರ ಆಚೀಚೆ ನಡುಗುವ ಕೈ ದಾಳವನ್ನು ಪದೇಪದೇ ಕುಣಿಸುತ್ತದೆ.

ಇನ್ನೂ ಒಂದು ಯೋಚನೆ ನಿಮ್ಮ ಮುಂದಿಡುತ್ತೇನೆ. ಕೈ ಬಂದೊಡನೆ ಯಂತ್ರ ತನ್ನ ಪಾಡಿಗೆ ಮೂರು ಸೆಕೆಂಡು ಕುಲುಕಿ ನಿಂತರೆ ಗರ ಹಾಕಿದ್ದು ಯಂತ್ರವೇ ಹೊರತು ಆಟಗಾರರಲ್ಲ. ಅದರ ಬದಲು, ಅಂಗೈ ಮೇಲಿರುವಷ್ಟು ಹೊತ್ತೂ ದಾಳ ಕುಣಿಯಲಿ, ಕೈ ತೆಗೆದಾಗ ನಿಲ್ಲಲಿ. ಕನಿಷ್ಠ ಇಷ್ಟು ಹೊತ್ತು ಕುಣಿಯಲೇಬೇಕು ಎಂಬ ಮಿತಿ ಮಾತ್ರ ಒಳಗೆ ಇರಲಿ. ಈಗ ಗರ ಆಟಗಾರರದ್ದು. ಬೇಕಾದಷ್ಟು ಹೊತ್ತು ಕೈ ಹಿಡಿದು, ದೇವರನ್ನು ನೆನೆದು, ಎದುರಿನವರನ್ನು ಕೆಣಕಿ ತಟ್ಟನೆ ಕೈ ತೆಗೆಯಬಹುದು. ಕವಡೆಯನ್ನು ಮುಷ್ಟಿಯಲ್ಲಿ ಕುಲುಕಿ ಬಿಡುವಾಗಿನ ಖುಷಿಯೂ ಅದೇ. ಆ ಖುಷಿಯನ್ನು ಕಿತ್ತುಕೊಂಡ ಯಂತ್ರ ಎಷ್ಟೇ ಚೆನ್ನಾಗಿ ನಡೆದರೂ ವಾರದೊಳಗೆ ಅಟ್ಟ ಸೇರುತ್ತದೆ.

ದಾಳದ ಕೋಣೆಯನ್ನು ಪಾರದರ್ಶಕವಾಗಿಯೇ ಮಾಡಿ. ಗೋಡೆಗೂ ನೆಲಕ್ಕೂ ಚೂಪಾದ ಮೂಲೆ ಬಿಟ್ಟರೆ ದಾಳ ಓರೆಯಾಗಿ ಒರಗಿ ನಿಲ್ಲುತ್ತದೆ, ಮೇಲಿರುವುದು ಮೂರೋ ಐದೋ ಎಂಬ ವಾದ ಹುಟ್ಟುತ್ತದೆ. ಮೂಲೆಗಳನ್ನು ದುಂಡಗೆ ಮಾಡಿ. ಒಂದೇ ದಾಳವಾದರೆ ನೆಲ ತುಸು ತಗ್ಗಾಗಿದ್ದರೂ ನಡೆಯುತ್ತದೆ, ದಾಳ ನಡುವಿಗೆ ಬಂದು ಕೂರುತ್ತದೆ. ಎರಡು ದಾಳಗಳಿದ್ದರೆ ಆ ತಗ್ಗಿನಲ್ಲಿ ಒಂದರ ಮೇಲೊಂದು ಆತುಕೊಳ್ಳುತ್ತವೆ. ಆಗ ನೆಲ ಸಪಾಟಾಗಿರಬೇಕು ಅಥವಾ ಎರಡಕ್ಕೂ ಬೇರೆಬೇರೆ ಕೋಣೆ ಬೇಕು. ಬರಿಯ ಪ್ಲಾಸ್ಟಿಕ್ ನೆಲದ ಮೇಲೆ ಸದ್ದು ಕಿವಿಗೆ ಬಡಿಯುತ್ತದೆಂದು ದಪ್ಪ ಬಟ್ಟೆ ಹಾಸಿದರೆ ದಾಳ ಉರುಳದೆ ಜಾರುತ್ತದೆ. ತೆಳ್ಳನೆಯ ರಬ್ಬರ್ ಹಾಳೆಯೋ ಚರ್ಮವೋ ಸರಿಹೋಗುತ್ತದೆ. ಮೋಟಾರನ್ನು ಮೈಕ್ರೋಕಂಟ್ರೋಲರಿನ ಪಿನ್ನಿಗೆ ನೇರವಾಗಿ ಕಟ್ಟುವ ಅವಸರ ಬೇಡ. ಆರ್ಡುಯಿನೊ ಊನೊದ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ. ಸಣ್ಣ ಮೋಟಾರೂ ಶುರುವಾಗುವಾಗ ಅದರ ಹತ್ತಾರು ಪಟ್ಟು ಕೇಳುತ್ತದೆ. ನಡುವೆ ಟ್ರಾನ್ಸಿಸ್ಟರ್ ಇರಲಿ, ಮೋಟಾರಿಗೆ ಅಡ್ಡಲಾಗಿ ಡಯೋಡ್ ಇರಲಿ. ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಭದ್ರಪಡಿಸಿದ್ದಾಗಿರಲಿ, ಮಕ್ಕಳಿರುವ ಮನೆಗೆ ಹೋಗುವ ಸಾಮಾನು ಇದು.

ದಾಳವೇ ಏಕೆ, ಸಂಖ್ಯೆಯನ್ನು ದೀಪದಲ್ಲಿ ತೋರಿಸಿದರೆ ಮೋಟಾರಿನ ರಗಳೆಯೇ ಇಲ್ಲವಲ್ಲ ಎನ್ನುತ್ತೀರಿ. ಆ ದಾರಿಯೂ ಹಳೆಯದೇ. 555 ಟೈಮರ್, 4017 ಕೌಂಟರ್, ಏಳು ಎಲ್‌ಇಡಿ ಸೇರಿಸಿ ಎಲೆಕ್ಟ್ರಾನಿಕ್ ದಾಳ ಕಟ್ಟುವುದು ನಮ್ಮ ಕಾಲದ ಪ್ರಯೋಗಾಲಯಗಳಲ್ಲಿ ಮಾಮೂಲು. ಕೌಂಟರ್ ಒಂದರಿಂದ ಆರರವರೆಗೆ ಸೆಕೆಂಡಿಗೆ ಸಾವಿರಾರು ಸಲ ಸುತ್ತುತ್ತಿರುತ್ತದೆ, ಸ್ವಿಚ್ ಬಿಟ್ಟಾಗ ಎಲ್ಲಿ ನಿಂತಿತೋ ಅದೇ ಗರ. ಆ ವೇಗದಲ್ಲಿ ಸಮಯ ನೋಡಿ ಕೈ ಬಿಡುವುದು ಮನುಷ್ಯರಿಂದಾಗದ ಮಾತು, ಹಾಗಾಗಿ ಅದು ನ್ಯಾಯವಾದ ದಾಳ. ಇಂದಿನ ಪ್ರೋಗ್ರಾಮುಗಳಲ್ಲಿ ಎಡವುವ ಜಾಗಗಳು ಬೇರೆ. ಆರ್ಡುಯಿನೊದ ‘ರ‍್ಯಾಂಡಮ್’ ಆದೇಶಕ್ಕೆ ಬೀಜಸಂಖ್ಯೆ ಕೊಡದಿದ್ದರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದೇ ಸಾಲು, ಅದೇ ಕ್ರಮದಲ್ಲಿ ಬರುತ್ತದೆ. ಎರಡು ದಿನ ಆಡಿದ ಚುರುಕು ಹುಡುಗಿ ಮೂರನೆಯ ದಿನ ಮೊದಲ ಗರಗಳನ್ನು ಬಾಯಿಪಾಠ ಒಪ್ಪಿಸುತ್ತಾಳೆ. ಆಟಗಾರರ ಕೈ ಬಂದ ಮೈಕ್ರೋಸೆಕೆಂಡನ್ನೇ ಬೀಜ ಮಾಡಿಕೊಳ್ಳಿ.

ಇನ್ನೊಂದು ಕಣ್ಣಿಗೆ ಕಾಣದ ತಪ್ಪಿದೆ. 0ಯಿಂದ 255ರವರೆಗಿನ ಒಂದು ಸಂಖ್ಯೆ ತೆಗೆದು, ಆರರಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸಿ ಗರ ಎನ್ನುವುದು ರೂಢಿ. 256ನ್ನು ಆರು ಸಮಭಾಗ ಮಾಡಲಾಗುವುದಿಲ್ಲ. ಒಂದರಿಂದ ನಾಲ್ಕರವರೆಗಿನ ಗರಗಳಿಗೆ 43 ಅವಕಾಶ, ಐದು ಆರಕ್ಕೆ 42 ಮಾತ್ರ. 252ರಿಂದ ಮೇಲಿನ ನಾಲ್ಕು ಸಂಖ್ಯೆ ಬಂದರೆ ಬಿಸಾಡಿ ಮತ್ತೊಂದು ತೆಗೆಯಿರಿ, ಮುಗಿಯಿತು. ವ್ಯತ್ಯಾಸ ಸಣ್ಣದು ನಿಜ, ಆದರೆ ಆರು ಬೀಳದೆ ಕಾಯಿ ಹೊರಡದ ಆಟದಲ್ಲಿ ಆರಕ್ಕೇ ಮೋಸ ಮಾಡಿದ ಹಾಗಾಯಿತು. ಒಟ್ಟಿನಲ್ಲಿ ನನ್ನ ಮತ ಕೇಳಿದರೆ, ಮನೆಮಂದಿ ಕೂತು ಆಡುವ ಆಟಕ್ಕೆ ನಿಜವಾದ ದಾಳವನ್ನೇ ಉರುಳಿಸಿ. ಚಿಪ್ಪಿನೊಳಗೆ ಏನಾಯಿತೆಂಬುದು ನಿಮಗೆ ಗೊತ್ತು, ನಿಮ್ಮ ಅಜ್ಜನಿಗೆ ಗೊತ್ತಿಲ್ಲ. ಉರುಳಿ ನಿಂತ ದಾಳವನ್ನು ಎಲ್ಲರೂ ನೋಡಬಹುದು.

ಆಟಕ್ಕೆ ತಕ್ಕ ದಾಳ ಎನ್ನುವುದೂ ಒಂದಿದೆ. ಚೌಕಾಬಾರಕ್ಕೆ ಎಲೆಕ್ಟ್ರಾನಿಕ್ ಕವಡೆ ಮಾಡುತ್ತೇವೆಂದು 1, 2, 3, 4, 8 ಎಂಬ ಐದು ಅಂಕಿಗಳಲ್ಲಿ ಒಂದನ್ನು ಸಮನಾಗಿ ಆರಿಸುವ ಪ್ರೋಗ್ರಾಮ್ ಬರೆದರೆ ಆಟವೇ ಕೆಟ್ಟಂತೆ. ನಾಲ್ಕು ಕವಡೆಗಳಲ್ಲಿ ಬಾಯಿ ಮೇಲಾಗಿ ಬಿದ್ದಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ, ಅಂದರೆ ಎಂಟು. ಒಂದೊಂದು ಕವಡೆಯೂ ಮೇಲೆ ಕೆಳಗೆ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ಹದಿನಾರರಲ್ಲಿ ಆರು ಸಲ ಎರಡು ಬೀಳಬೇಕು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಚೌಕ ಒಂದೇ ಸಲ, ಬಾರವೂ ಒಂದೇ ಸಲ. ನಿಮ್ಮ ಪ್ರೋಗ್ರಾಮಿನಲ್ಲಿ ಅವೆರಡೂ ಐದಕ್ಕೊಂದು ಸಲ ಬೀಳುತ್ತವೆ! ಚೌಕ ಬಾರ ಬಿದ್ದರೆ ಇನ್ನೊಂದು ಆಟ ಸಿಗುವುದರಿಂದ ಒಬ್ಬರೇ ಆಡುತ್ತ ಹೋಗುತ್ತಾರೆ, ಉಳಿದವರು ಆಕಳಿಸುತ್ತ ಕೂರುತ್ತಾರೆ. ಅಪರೂಪಕ್ಕೆ ಬೀಳುವುದರಿಂದಲೇ ಚೌಕಕ್ಕೆ ಬೆಲೆ. ನಿಜವಾದ ಕವಡೆಯ ಬೆನ್ನು ಉಬ್ಬಿದ್ದು ಬಾಯಿ ಚಪ್ಪಟೆಯಾದ್ದರಿಂದ ಸರಿಪಾಲೂ ಬೀಳುವುದಿಲ್ಲ. ಮನೆಯಲ್ಲಿರುವ ಕವಡೆಗಳನ್ನೇ ನೂರಾರು ಸಲ ಹಾಕಿ, ಎಣಿಸಿ, ಆ ಲೆಕ್ಕವನ್ನೇ ಪ್ರೋಗ್ರಾಮಿಗೆ ಕೊಡಿ. ಎರಡು ದಾಳದ ಆಟಕ್ಕೂ ಇದೇ ಎಚ್ಚರಿಕೆ. ಎರಡರಿಂದ ಹನ್ನೆರಡರವರೆಗೆ ಒಂದು ಸಂಖ್ಯೆ ತೆಗೆದರೆ ಅದು ಎರಡು ದಾಳದ ಮೊತ್ತವಾಗುವುದಿಲ್ಲ. ನಿಜದ ದಾಳಗಳಲ್ಲಿ 36ರಲ್ಲಿ ಆರು ಸಲ ಏಳು ಬಂದರೆ, ಹನ್ನೆರಡು ಬರುವುದು ಒಂದೇ ಸಲ.

ಸೋತವರು ಯಾವಾಗಲೂ ದಾಳವನ್ನು ಬೈಯುತ್ತಾರೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಕ್ಕು ಸುಮ್ಮನಾಗಬೇಡಿ, ಕೆಲವು ಸಲ ನೆಲ ನಿಜಕ್ಕೂ ಡೊಂಕಿರುತ್ತದೆ. 1894ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ವೆಲ್ಡನ್ 12 ದಾಳಗಳನ್ನು 26,306 ಸಲ ಹಾಕಿದ ಲೆಕ್ಕ ಇಟ್ಟರು. ಐದು ಅಥವಾ ಆರು ಬರುವುದು ಮೂರರಲ್ಲೊಂದು ಸಲ ಇರಬೇಕಿತ್ತು, ಅಂದರೆ 0.3333, ಬಂದದ್ದು 0.3377. ಕೂದಲೆಳೆಯ ಅಂತರವಾದರೂ ಅಷ್ಟೊಂದು ಎಸೆತಗಳಲ್ಲಿ ಅದು ಆಕಸ್ಮಿಕವಾಗಲಾರದು. ಐದು ಮತ್ತು ಆರರ ಮುಖಗಳಲ್ಲಿ ಚುಕ್ಕಿಗಾಗಿ ಹೆಚ್ಚು ಕೊರೆದಿರುತ್ತಾರೆ, ಆ ಬದಿ ಹಗುರ, ಆದ್ದರಿಂದ ಮೇಲಾಗುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಕಾರ್ಲ್ ಪಿಯರ್ಸನ್ 1900ರಲ್ಲಿ ಕೈ-ಸ್ಕ್ವೇರ್ ಪರೀಕ್ಷೆಯನ್ನು ಮುಂದಿಟ್ಟಾಗ ಇದೇ ಲೆಕ್ಕವನ್ನು ಉದಾಹರಣೆಯಾಗಿ ಬಳಸಿಕೊಂಡರು. ನಿಮಗೆ ಇನ್ನೂ ಹತ್ತಿರದ ಕತೆ ಮುಂದಿನದು. 2009ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಜಕರಾಯ ಲ್ಯಾಬಿ ಎಂಬ ವಿದ್ಯಾರ್ಥಿ ಒಂದು ಪೆಟ್ಟಿಗೆ ಮಾಡಿ, ಅದರಲ್ಲಿ 12 ದಾಳಗಳನ್ನು ಯಂತ್ರದಿಂದಲೇ ಕುಲುಕಿಸಿ, ಕ್ಯಾಮೆರಾದಿಂದ ಚಿತ್ರ ತೆಗೆದು, ಚುಕ್ಕಿಗಳನ್ನು ಕಂಪ್ಯೂಟರಿನಿಂದ ಎಣಿಸಿದರು. ಮನುಷ್ಯರ ಕೈ ಸೋಕದೆ ಅದೇ 26,306 ಎಸೆತ. ಆ ದಾಳಗಳಲ್ಲಿ ಹೆಚ್ಚು ಬಂದದ್ದು ಒಂದು ಮತ್ತು ಆರು. ಅಳೆದು ನೋಡಿದರೆ ಒಂದು-ಆರರ ಮುಖಗಳ ನಡುವಿನ ಅಂತರ ಉಳಿದೆರಡಕ್ಕಿಂತ ಸುಮಾರು ಶೇಕಡಾ 0.2ರಷ್ಟು ಕಡಿಮೆಯಿತ್ತು! ನೀವು ಮಾಡಹೊರಟ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಪೂರ್ವಜ ಸಿಗಲಾರದು.

ನಿಮಗೆ 26,306 ಬೇಡ, 600 ಸಲ ಉರುಳಿಸಿ. ಹತ್ತು ಸೆಕೆಂಡಿಗೊಂದರಂತೆ ಒಂದೂ ಮುಕ್ಕಾಲು ಗಂಟೆಯೂ ಬೇಡ. ಪ್ರತಿ ಮುಖವೂ ನೂರು ಸಲ ಬರಬೇಕು ಎಂಬುದು ನಿರೀಕ್ಷೆ. ಸರಿಯಾಗಿ ನೂರೇ ಬರುವುದಿಲ್ಲ, ಬಂದರೆ ಅನುಮಾನ ಪಡಿ. ಪ್ರತಿ ಮುಖ ನೂರಕ್ಕಿಂತ ಎಷ್ಟು ಆಚೀಚೆ ಇದೆಯೋ ಅದರ ವರ್ಗ ಮಾಡಿ, ನೂರರಿಂದ ಭಾಗಿಸಿ, ಆರನ್ನೂ ಕೂಡಿಸಿ. 110, 92, 105, 88, 96, 109 ಬಂದವು ಎನ್ನಿ, ಮೊತ್ತ 4.3. ಪಿಯರ್ಸನ್ನರ ಕೈ-ಸ್ಕ್ವೇರ್ ಎಂದರೆ ಇದೇ. ಅದು ಪರೀಕ್ಷೆಯ ಗಡಿಯಾದ 11.07ಕ್ಕಿಂತ ಕಡಿಮೆಯಿದ್ದರೆ ದಾಳವನ್ನು ಅನುಮಾನಿಸಲು ಕಾರಣವಿಲ್ಲ. ಒಂದು 70 ಸಲ, ಆರು 130 ಸಲ, ಉಳಿದವು ನೂರು ನೂರು ಬಂದರೆ ಮೊತ್ತ 18. ಆಗ ಪೆಟ್ಟಿಗೆ ಬಿಚ್ಚಿ. ಇಷ್ಟಕ್ಕೇ ನಿಲ್ಲಬೇಡಿ. ಒಂದರಿಂದ ಆರರವರೆಗೆ ಕ್ರಮವಾಗಿ ಸುತ್ತುವ ದಾಳವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹಾಗಾಗಿ, ಹಿಂದಿನ ಗರವೇ ಮತ್ತೆ ಎಷ್ಟು ಸಲ ಬಿತ್ತು ಎಂದೂ ಎಣಿಸಿ. ಅದೂ ನೂರರ ಆಸುಪಾಸಿನಲ್ಲಿರಬೇಕು. 150 ಆಯಿತೆಂದರೆ ದಾಳ ಉರುಳುತ್ತಿಲ್ಲ, ಕುಪ್ಪಳಿಸಿ ಕೂರುತ್ತಿದೆ. ಕುಲುಕುವ ಹೊತ್ತು ಹೆಚ್ಚಿಸಿ, ಪ್ರತಿ ಸಲವೂ ತುಸು ಬದಲಿಸಿ. ಲೆಕ್ಕ ಎಂದರೆ ಹೆದರಬೇಡಿ. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಈ ಸಂಖ್ಯಾಶಾಸ್ತ್ರದಲ್ಲೇ ಲೋಕ ಮೆಚ್ಚುವ ಕೆಲಸ ಮಾಡಿದರು.

ಗೆಳೆಯರನ್ನು ಬೇಸ್ತು ಬೀಳಿಸಲು ಗುಟ್ಟಾಗಿ ಆರು ಬೀಳಿಸುವ ಒಂದು ಸಾಲು ಪ್ರೋಗ್ರಾಮಿನಲ್ಲಿ ಇಟ್ಟುಕೊಳ್ಳುವ ಆಸೆ ಯಾರಿಗಾದರೂ ಆಗಬಹುದು. ಖಂಡಿತ ಬೇಡ. ಅದು ಒಂದು ಸಲ ಬಯಲಾದರೆ ಆ ಯಂತ್ರವನ್ನಷ್ಟೇ ಅಲ್ಲ, ನಿಮ್ಮ ಮುಂದಿನ ಕೆಲಸಗಳನ್ನೂ ಜನ ನಂಬುವುದಿಲ್ಲ. ಹಣ ಕಟ್ಟಿ ಆಡುವವರು ಹುಡುಕಿಕೊಂಡು ಬಂದರೆ ಕೈ ಮುಗಿದು ಕಳಿಸಿ. ಜೂಜಿನ ಸಹವಾಸ ಕಾನೂನಿಗೂ ವಿರುದ್ಧ, ಮನೆಗೂ ಕೇಡು. ಹಾಗೆಯೇ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟನ್ನು ವರದಿ ಸಮೇತ ಕೊಂಡು ತಂದು ಹೆಸರು ಬದಲಿಸಿ ಒಪ್ಪಿಸುವುದೂ ಸುಳ್ಳು ದಾಳವೇ. ವೈವಾದಲ್ಲಿ ಪಾರಾಗಬಹುದು, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಬಣ್ಣ ಬಯಲಾಗುತ್ತದೆ.

ಯಂತ್ರ ಸಿದ್ಧವಾದ ಮೇಲೆ ಮೂರು ಕೆಲಸ ಮಾಡಿ. 600 ಎಸೆತಗಳ ಲೆಕ್ಕವನ್ನು ಅಚ್ಚು ಹಾಕಿಸಿ ಪೆಟ್ಟಿಗೆಯ ತಳಕ್ಕೆ ಅಂಟಿಸಿ. ತಳದ ಮುಚ್ಚಳವನ್ನು ಸಾಮಾನ್ಯ ಸ್ಕ್ರೂಡ್ರೈವರಿನಿಂದ ಯಾರು ಬೇಕಾದರೂ ಬಿಚ್ಚಿ ನೋಡುವಂತೆ ಇಡಿ. ಆಮೇಲೆ ಅದನ್ನು ಕಾಲೇಜಿನ ಪ್ರದರ್ಶನಕ್ಕೆ ಒಯ್ಯುವ ಮುಂಚೆ ನಿಮ್ಮೂರಿನ ಒಂದು ವೃದ್ಧಾಶ್ರಮಕ್ಕೋ ವಿಶೇಷ ಮಕ್ಕಳ ಶಾಲೆಗೋ ಒಂದು ವಾರ ಬಿಟ್ಟು ಬನ್ನಿ. ವಾರ ಕಳೆದು ಹೋದಾಗ ಗೆದ್ದವರನ್ನು ಮಾತಾಡಿಸಬೇಡಿ, ಅವರಿಗೆ ಯಾವ ದಾಳವೂ ಒಳ್ಳೆಯದೇ. ಸೋತವರನ್ನು ಕೇಳಿ. ಅವರು ನಿಮ್ಮ ಯಂತ್ರವನ್ನು ಬಿಟ್ಟು ತಮ್ಮ ಹಣೆಬರಹವನ್ನು ಬೈಯುತ್ತಿದ್ದರೆ ನಿಮ್ಮ ವಿನ್ಯಾಸ ಗೆದ್ದಿದೆ.